ಖಾಲಿ ಹಾಸ್ಟೆಲ್ಲಿನ ನಾಲ್ಕನೇ ರೂಮು

"ಕಬ್ಬಿಣದ ಪೆಟ್ಟಿಗೆಯ ಒಳಗಿಂದ ಯಾರೋ ತಟ್ಟಿದರು. ಟಕ್. ಟಕ್."

ಗೂಬೆಮರಿ ಓದುವುದನ್ನು ನಿಲ್ಲಿಸಿ ತಮ್ಮನ ಮುಖ ನೋಡಿದಳು. ಗುಂಡ ಸೋಫಾದ ಬೆನ್ನಿನ ಮೇಲೆ ಕುದುರೆ ಏರಿದವನಂತೆ ಕಾಲು ಇಳಿಬಿಟ್ಟು ಕೂತಿದ್ದ. ಬಾಯಿಗೆ ಹಾಕಿಕೊಂಡ ಬಿಸ್ಕತ್ತನ್ನು ಅಗಿಯುವುದನ್ನೇ ಮರೆತಿದ್ದ.

"ಸಾಕಾ?"

"ಸಾಕು ಅಂದ್ನಾ ನಾನು? ಓದು."

"ಹೆದರಿಕೆ ಆದ್ರೆ ಹೇಳಿಬಿಡು."

"ನನಗೇನೂ ಹೆದರಿಕೆ ಇಲ್ಲ. ಸ್ವಲ್ಪ ನಿಧಾನಕ್ಕೆ ಓದು, ಅಷ್ಟೇ."

ಅವಳಿಗೆ ಗೂಬೆಮರಿ ಎಂದು ಹೆಸರಿಟ್ಟವರು ಅಪ್ಪ. ಪುಸ್ತಕ ಕೈಗೆ ಸಿಕ್ಕರೆ ಸಾಕು, ದುಂಡು ಕನ್ನಡಕದ ಹಿಂದೆ ಅವಳ ಕಣ್ಣು ಇನ್ನೂ ದುಂಡಗಾಗುತ್ತಿತ್ತು. ಈಗ ಅವಳು ಸ್ಕೂಲ್ ಲೈಬ್ರರಿಯಿಂದ ತಂದಿದ್ದು 'ಖಾಲಿ ಹಾಸ್ಟೆಲ್' ಸರಣಿಯ ನಾಲ್ಕನೇ ಪುಸ್ತಕ. ಯಾರೂ ಇಲ್ಲದ ಹಳೇ ಹಾಸ್ಟೆಲ್ಲು. ಒಂದೊಂದು ಪುಸ್ತಕದಲ್ಲಿ ಒಂದೊಂದು ರೂಮಿನ ಬಾಗಿಲು ತೆರೆಯುತ್ತದೆ. ಕ್ಲಾಸಿನಲ್ಲಿ ಇದಕ್ಕೆ ಎಷ್ಟು ಕಿತ್ತಾಟ ಎಂದರೆ, ಒಬ್ಬರು ವಾಪಸ್ ಕೊಡುವ ಮೊದಲೇ ಇನ್ನೊಬ್ಬರು ಲೈಬ್ರರಿ ಬಾಗಿಲಲ್ಲಿ ನಿಂತಿರುತ್ತಿದ್ದರು.

ಗೂಬೆಮರಿ ದನಿ ತಗ್ಗಿಸಿದಳು. "ಪೆಟ್ಟಿಗೆಯ ಮುಚ್ಚಳ ಮೆಲ್ಲಗೆ ಮೇಲೆದ್ದಿತು. ಆಗ..."

ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು.

ಗುಂಡ ಚೀರಿದ. ಮರುಕ್ಷಣ ಸೋಫಾದ ಬೆನ್ನಿನ ಮೇಲೆ ಅವನಿರಲಿಲ್ಲ. ಆಚೆ ಕಡೆ ಧೊಪ್ಪೆಂದು ಸದ್ದಾಯಿತು. ಆಮೇಲೆ ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಆ ಒಂದು ಗಳಿಗೆ ಗೂಬೆಮರಿಗೆ ಯಾವ ಪುಸ್ತಕದಲ್ಲೂ ಆಗದಷ್ಟು ಭಯವಾಯಿತು. ಅಷ್ಟರಲ್ಲಿ ಗುಂಡ ದೊಡ್ಡದಾಗಿ ಅಳಲು ಶುರುಮಾಡಿದ.

ಎಡಗೈ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಬೆರಳಿನ ಬುಡದಿಂದ ಮೊಣಕೈ ದಾಟುವವರೆಗೆ ಪ್ಲಾಸ್ಟರ್ ಹಾಕಿದರು.

ಅಮ್ಮ ಮನೆಗೆ ಬಂದು, ಅರ್ಧ ಹೊಲಿದಿದ್ದ ಬಟ್ಟೆಯನ್ನು ಮೆಷಿನ್ನಿಂದ ತೆಗೆದು ಮಡಿಸಿಟ್ಟು, ಆಮೇಲೆ ಹೇಳಿದರು. "ನಾಳೆ ಆ ಪುಸ್ತಕ ವಾಪಸ್ ಕೊಡು. ದೆವ್ವ, ಭೂತ, ಪೆಟ್ಟಿಗೆ, ಹಾಸ್ಟೆಲ್ಲು, ಯಾವುದೂ ಈ ಮನೆಗೆ ಬರಬಾರದು."

"ಅಮ್ಮ, ಕುಕ್ಕರ್ ಸೀಟಿ..."

"ಕುಕ್ಕರ್ ಎಷ್ಟೋ ವರ್ಷದಿಂದ ಸೀಟಿ ಹೊಡೀತಿದೆ. ಇಲ್ಲಿವರೆಗೆ ಯಾರೂ ಕೈ ಮುರ್ಕೊಂಡಿರಲಿಲ್ಲ."

ಗೂಬೆಮರಿ ಪುಸ್ತಕವನ್ನು ಸ್ಕೂಲ್ ಬ್ಯಾಗಿಗೆ ಹಾಕಿದಳು. ಅಮ್ಮ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಮಾರನೇ ದಿನ ಪುಸ್ತಕವನ್ನು ಟೇಬಲ್ ಮೇಲಿಟ್ಟಾಗ ಲೈಬ್ರರಿ ಮಿಸ್ ಹುಬ್ಬೇರಿಸಿದರು. "ಇಷ್ಟು ಬೇಗ ಮುಗಿಸಿದ್ಯಾ?"

"ಇಲ್ಲ ಮಿಸ್. ಮುಚ್ಚಳ ತೆಗೆಯೋವರೆಗೆ ಮಾತ್ರ."

"ಅಲ್ಲಿಗೆ ಯಾರಾದ್ರೂ ನಿಲ್ಲಿಸ್ತಾರಾ? ಈ ಸರಣಿಯಲ್ಲಿ ಮೊದಲನೇದು ಸುಮಾರು. ಎರಡನೇದರಲ್ಲಿ ಬರೀ ರಕ್ತ, ಬಿಟ್ರೂ ನಡೆಯತ್ತೆ. ಮೂರು, ನಾಲ್ಕನ್ನ ಮಾತ್ರ ಬಿಡಬಾರದು. ಅವುಗಳಲ್ಲಿ ದೆವ್ವ ಕಾಣಿಸೋದೇ ಇಲ್ಲ, ಬರೀ ಸದ್ದು ಕೇಳಿಸತ್ತೆ."

"ಹೌದು ಮಿಸ್. ಸದ್ದೇ ಜಾಸ್ತಿ ಹೆದರಿಸೋದು," ಎಂದಳು ಗೂಬೆಮರಿ. ಮರುಕ್ಷಣವೇ ಗುಂಡನ ಕೈ ನೆನಪಾಗಿ ತಲೆ ತಗ್ಗಿಸಿದಳು.

ಅವಳು ನಡೆದದ್ದನ್ನೆಲ್ಲ ಹೇಳಿದಳು. ಮಿಸ್ ಕೇಳಿದರು, "ನಿನಗೆ ಈ ಕತೆಗಳು ಯಾಕೆ ಇಷ್ಟ?"

ಗೂಬೆಮರಿ ಯೋಚಿಸಿದಳು. "ಗೊತ್ತಿಲ್ಲ ಮಿಸ್. ಹೊಟ್ಟೆಯೊಳಗೆ ಲಿಫ್ಟ್ ಸರ್ರಂತ ಕೆಳಗಿಳಿದ ಹಾಗಾಗತ್ತೆ. ಆಮೇಲೆ ನಗು ಬರತ್ತೆ."

ಮಿಸ್ ನಕ್ಕು, ಪುಸ್ತಕವನ್ನು ಎತ್ತಿ ಕಪಾಟಿನಲ್ಲಿಟ್ಟರು. ಸಂಜೆಯೊಳಗೆ ಅದು ಬೇರೆ ಯಾರದೋ ಬ್ಯಾಗು ಸೇರಿತ್ತು.

ಗುಂಡನಿಗೆ ಪ್ಲಾಸ್ಟರಿನಿಂದ ಬೇಜಾರೇನೂ ಆಗಲಿಲ್ಲ. ಬಲಗೈಯಲ್ಲಿ ತಿನ್ನಬಹುದಿತ್ತು, ಹೋಮ್‌ವರ್ಕ್ ಬರೆಯಲು ಮಾತ್ರ ಎರಡೂ ಕೈ ನೋಯುತ್ತಿದ್ದವು. ಪ್ಲಾಸ್ಟರ್ ಬಿಚ್ಚುವ ದಿನ ಹತ್ತಿರ ಬಂದಾಗ ಅವನ ಪಕ್ಕದ ಬೆಂಚಿನ ಹುಡುಗ ಒಂದು ಸುದ್ದಿ ಹೇಳಿದ.

"ಮೆಷಿನ್ ಗರಗಸದಲ್ಲಿ ಕೊಯ್ತಾರಂತೆ ಅಕ್ಕ," ಎಂದ ಗುಂಡ ಮನೆಗೆ ಬಂದು. "ಒಂಚೂರು ಜಾಸ್ತಿ ಒತ್ತಿದ್ರೆ ಕೈ ಕೆಳಗೆ ಬಿದ್ದೋಗತ್ತಂತೆ."

"ಸುಳ್ಳು."

"ನೀನು ನೋಡಿದೀಯಾ?"

ಗೂಬೆಮರಿ ನೋಡಿರಲಿಲ್ಲ. ಅಂದಿನಿಂದ ಗುಂಡ ಊಟ ಬಿಟ್ಟು ಏಳತೊಡಗಿದ. ಪ್ಲಾಸ್ಟರ್ ಇಲ್ಲೇ ಇರಲಿ, ದೊಡ್ಡವನಾದ ಮೇಲೂ ಇಟ್ಟುಕೊಳ್ಳುತ್ತೇನೆ ಎಂದ. ಅಮ್ಮ ಸಮಾಧಾನ ಹೇಳಿದರು, ಗದರಿದರು, ಹೊಸ ಚೆಂಡು ಕೊಡಿಸುತ್ತೇನೆ ಎಂದರು. ಒಂದೂ ನಡೆಯಲಿಲ್ಲ.

ಕೊನೆಗೆ ಪ್ಲಾಸ್ಟರ್ ಬಿಚ್ಚುವ ದಿನ ಬೆಳಿಗ್ಗೆ ಮೂವರೂ ಆಸ್ಪತ್ರೆಗೆ ಹೋದರು. ಪ್ಲಾಸ್ಟರ್ ರೂಮಿನ ಬಾಗಿಲಲ್ಲಿ ಗುಂಡ ಚೌಕಟ್ಟನ್ನು ತಬ್ಬಿಕೊಂಡು ನಿಂತುಬಿಟ್ಟ. ಒಳಗೆ ದಪ್ಪ ಮೀಸೆಯ ಕಾಂಪೌಂಡರು ಕೈಯಲ್ಲಿ ಮೆಷಿನ್ ಹಿಡಿದು ಕಾಯುತ್ತಿದ್ದರು. ಅದರ ತುದಿಯಲ್ಲಿ ಹಲ್ಲುಗಳಿದ್ದ ದುಂಡನೆಯ ಚಕ್ರವಿತ್ತು.

"ಬಾ ಮರಿ. ಇದು ಚರ್ಮಕ್ಕೆ ಏನೂ ಮಾಡಲ್ಲ. ನೋಡಿಲ್ಲಿ." ಅವರು ಮೆಷಿನ್ ಹಾಕಿ ತಮ್ಮ ಅಂಗೈಗೇ ಮುಟ್ಟಿಸಿಕೊಂಡರು. ಗರ್ರ್ ಎಂದಿತು. ಏನೂ ಆಗಲಿಲ್ಲ.

"ನಿಮ್ಮ ಕೈ ದಪ್ಪ ಇದೆ," ಎಂದ ಗುಂಡ.

ಅಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಒಂದನ್ನು ಬಿಡಿಸುವಷ್ಟರಲ್ಲಿ ಇನ್ನೊಂದು ಅಂಟಿಕೊಳ್ಳುತ್ತಿತ್ತು. ಅವನ ಕಣ್ಣು ಮೆಷಿನ್ನಿನಿಂದ ಕದಲುತ್ತಿರಲಿಲ್ಲ. ಸೋಫಾದ ಮೇಲೆ ಕತೆ ಕೇಳುವಾಗಲೂ ಗುಂಡ ಹೆದರುತ್ತಿದ್ದ. ಆದರೆ ಅದು ಬೇರೆ ತರಹ ಎಂದು ಗೂಬೆಮರಿಗೆ ಅನಿಸಿತು. ಆಗ ಅವನು 'ಓದು, ಓದು' ಎನ್ನುತ್ತಿದ್ದ. ಈಗ ಅವನ ಬಾಯಲ್ಲಿ ಮಾತೇ ಇರಲಿಲ್ಲ.

ಅವಳು ಅಮ್ಮನ ಮುಖ ನೋಡಿದಳು. ಧೈರ್ಯ ಮಾಡಿ ತಮ್ಮನ ಕಿವಿಯ ಹತ್ತಿರ ಬಗ್ಗಿದಳು.

"ಮುಚ್ಚಳ ಮೆಲ್ಲಗೆ ಮೇಲೆದ್ದಿತು," ಎಂದಳು.

ಗುಂಡ ತಿರುಗಿದ. "ಆಮೇಲೆ?"

"ಒಳಗೆ ಬಂದು ಕೂತ್ಕೋ, ಹೇಳ್ತೀನಿ. ಇಲ್ಲಿ ಎಲ್ಲರಿಗೂ ಕೇಳಿಸತ್ತೆ."

ಅಮ್ಮ ಏನೋ ಹೇಳಲು ಬಾಯಿ ತೆರೆದರು. ಆದರೆ ಗುಂಡನ ಕೈ ಚೌಕಟ್ಟನ್ನು ಬಿಟ್ಟಿತ್ತು. ಅವರು ಬಾಯಿ ಮುಚ್ಚಿಕೊಂಡರು.

ಗುಂಡ ಎತ್ತರದ ಮಂಚದ ಮೇಲೆ ಕೂತ. ಗೂಬೆಮರಿ ಅವನ ಬಲಗೈ ಹಿಡಿದುಕೊಂಡಳು. ಆಗಲೇ ಅವಳಿಗೆ ಹೊಳೆದದ್ದು, ಮುಂದಿನ ಕತೆ ತನಗೇ ಗೊತ್ತಿಲ್ಲ ಎಂದು.

"ಪೆಟ್ಟಿಗೆಯೊಳಗೆ... ಇನ್ನೊಂದು ಪೆಟ್ಟಿಗೆ ಇತ್ತು," ಎಂದಳು. "ಬಿಳೀದು. ಉದ್ದಕ್ಕಿತ್ತು. ಅದಕ್ಕೆ ಬೀಗ ಇಲ್ಲ, ಮುಚ್ಚಳ ಇಲ್ಲ, ಒಂದು ಸಂದಿ ಕೂಡ ಇಲ್ಲ."

"ಮತ್ತೆ ತೆಗೆಯೋದು ಹೇಗೆ?"

"ಅದೇ ಯಾರಿಗೂ ಗೊತ್ತಿರಲಿಲ್ಲ. ಆ ರೂಮಿಗೆ ಹೋಗಿದ್ದ ಹುಡುಗ ಕಿವಿ ಇಟ್ಟು ಕೇಳಿದ. ಒಳಗಿಂದ ಒಂದು ಸದ್ದು ಬರ್ತಿತ್ತು."

"ಎಂಥ ಸದ್ದು?"

ಗೂಬೆಮರಿ ಕಾಂಪೌಂಡರ ಕಡೆ ನೋಡಿ ಕಣ್ಣಲ್ಲೇ ಸನ್ನೆ ಮಾಡಿದಳು. ಅವರ ಮೀಸೆ ಒಂಚೂರು ಅಲುಗಾಡಿತು. ಮೆಷಿನ್ ಹಾಕಿದರು.

ಗರ್ರ್ರ್.

ಗುಂಡ ಅಕ್ಕನ ಕೈಯನ್ನು ಬಿಗಿಯಾಗಿ ಹಿಡಿದು ಅವಳ ಪಕ್ಕೆಗೆ ಒತ್ತಿಕೊಂಡ. ಆದರೆ ಎಡಗೈಯನ್ನು ಎಳೆದುಕೊಳ್ಳಲಿಲ್ಲ.

"ಯಾರೋ ಒಳಗಿನಿಂದ ಪೆಟ್ಟಿಗೇನ ಕೊಯ್ಕೊಂಡು ಹೊರಗೆ ಬರ್ತಿದ್ರು," ಎಂದಳು ಗೂಬೆಮರಿ ದನಿ ಏರಿಸಿ. "ಹುಡುಗ ಓಡಬೇಕು ಅಂದ್ಕೊಂಡ. ಕಾಲೇ ಏಳಲಿಲ್ಲ. ಬಿಳೀ ಪುಡಿ ಉದುರ್ತಿತ್ತು."

ಪ್ಲಾಸ್ಟರಿನಿಂದ ಬಿಳಿ ಪುಡಿ ಉದುರುತ್ತಿತ್ತು. ಗುಂಡ ಅದನ್ನು ನೋಡಿದ. "ಅಕ್ಕ, ಒಳಗೆ ಯಾರಿದಾರೆ?"

ಗೂಬೆಮರಿ ಸುಮ್ಮನಾದಳು. ಕಾಂಪೌಂಡರೂ ಮೆಷಿನ್ ನಿಲ್ಲಿಸಿದರು.

"ಯಾರೂ ಒಳಗೆ ಬಿಡ್ತಿಲ್ಲ ಅಂತ ಅದಕ್ಕೆ ತುಂಬ ದಿನದಿಂದ ಕೋಪ ಬಂದಿತ್ತು," ಎಂದಳು ಪಿಸುದನಿಯಲ್ಲಿ. ಅವಸರದಲ್ಲಿ ಮಾತು ತಪ್ಪಿತ್ತು. "ಹೊರಗೆ. ಹೊರಗೆ ಬಿಡ್ತಿಲ್ಲ ಅಂತ."

ಯಾರೂ ನಗಲಿಲ್ಲ. ಮತ್ತೆ ಗರ್ರ್ ಎಂದಿತು. ಅಮ್ಮನ ಕೈ ಯಾವಾಗ ತನ್ನ ಭುಜದ ಮೇಲೆ ಬಂತೋ ಗೂಬೆಮರಿಗೆ ತಿಳಿಯಲಿಲ್ಲ. ಅದು ಭುಜವನ್ನು ಗಟ್ಟಿಯಾಗಿ ಅಮುಕುತ್ತಿತ್ತು.

"ಸಂದಿ ದೊಡ್ಡದಾಯ್ತು. ಇನ್ನೂ ದೊಡ್ಡದಾಯ್ತು. ಆಮೇಲೆ ಪಟ್ ಅಂತ..."

ಪ್ಲಾಸ್ಟರ್ ಪಟ್ಟೆಂದು ಎರಡು ಹೋಳಾಯಿತು. ಒಳಗಿನಿಂದ ಬಿಳುಚಿಕೊಂಡ, ಸಣಕಲಾದ, ಸಿಪ್ಪೆ ಸುಲಿದ ಚರ್ಮದ ಒಂದು ಕೈ ಹೊರಬಂತು. ಅದರಿಂದ ಒದ್ದೆ ಕಾಲುಚೀಲದಂಥ ವಾಸನೆ ಬರುತ್ತಿತ್ತು.

ಗುಂಡ ಕಿಟಾರನೆ ಕಿರುಚಿದ. ಅಮ್ಮನೂ ಕಿರುಚಿದರು.

ಕೈ ತನ್ನ ಬೆರಳನ್ನು ಮೆಲ್ಲಗೆ ಅಲ್ಲಾಡಿಸಿತು.

"ನಂದು," ಎಂದ ಗುಂಡ ಅಚ್ಚರಿಯಿಂದ. "ಇದು ನನ್ನ ಕೈ." ಆಮೇಲೆ ಅವನಿಗೆ ನಗು ಬಂತು. ಬಿಕ್ಕಳಿಕೆ ಬರುವಷ್ಟು ನಕ್ಕ. ಕಾಂಪೌಂಡರು ಗೋಡೆ ಕಡೆ ತಿರುಗಿ ಮೀಸೆ ಒರೆಸಿಕೊಂಡರು.

ಅಮ್ಮ ಸೆರಗಿನಿಂದ ಗುಂಡನ ಕೈಯ ಪುಡಿ ಒರೆಸಿದರು. "ಹೆದರಿಕೆ ಆಯ್ತೇನೋ?"

"ತುಂಬ."

"ಮೆಷಿನ್ನಿಗಾ?"

"ಅಲ್ಲಮ್ಮ. ಪೆಟ್ಟಿಗೆಗೆ."

ಅಮ್ಮ ಗೂಬೆಮರಿಯ ಕಡೆ ನೋಡಿದರು. ಅವಳ ಅಂಗಿಯ ಭುಜ ಮುದ್ದೆಯಾಗಿತ್ತು. ಅದನ್ನು ಸರಿಮಾಡಿದರು. ಎಲ್ಲ ಮಡಿಕೆಗಳೂ ಹೋಗುವವರೆಗೆ ಸರಿಮಾಡುತ್ತಲೇ ಇದ್ದರು.

ಹೊರಗೆ ಬಂದಾಗ ಬೆಂಚಿನ ಮೇಲೆ ಒಬ್ಬ ಪುಟ್ಟ ಹುಡುಗಿ ಕೂತಿದ್ದಳು. ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಇತ್ತು. ಒಳಗಿನ ಕಿರುಚಾಟವನ್ನೆಲ್ಲ ಕೇಳಿಸಿಕೊಂಡು ಅವಳ ಮುಖ ಸುಣ್ಣದಂತಾಗಿತ್ತು. ಅವಳ ತಾತ ಎಷ್ಟು ಸಮಾಧಾನ ಮಾಡಿದರೂ ಅಳು ನಿಲ್ಲುತ್ತಿರಲಿಲ್ಲ.

ಗುಂಡ ಅಲ್ಲೇ ನಿಂತ.

"ನಡಿಯೋ, ಬಸ್ಸು ಬರೋ ಹೊತ್ತಾಯ್ತು," ಎಂದರು ಅಮ್ಮ.

ಗುಂಡನಿಗೆ ಕೇಳಿಸಲಿಲ್ಲ. ಹೋಗಿ ಆ ಹುಡುಗಿಯ ಪಕ್ಕ ಕೂತ. "ನಿಂಗೊಂದು ಕತೆ ಹೇಳ್ಲಾ? ತುಂಬ ಭಯ ಆಗತ್ತೆ. ಚೆನ್ನಾಗಿರತ್ತೆ."

ಹುಡುಗಿ ಅಳುತ್ತಲೇ ಹೂಂ ಎಂಬಂತೆ ತಲೆಯಾಡಿಸಿದಳು.

"ಒಂದು ಹಾಸ್ಟೆಲ್ ಇತ್ತು. ಅದರಲ್ಲಿ ಯಾರೂ ಇರಲಿಲ್ಲ..."

ಅವನು ಹೇಳುವುದು ಅಡ್ಡಾದಿಡ್ಡಿಯಾಗಿತ್ತು. ಬಾಗಿಲು ತೆರೆಯುವ ಮೊದಲೇ ಪೆಟ್ಟಿಗೆ ಬಂದುಬಿಟ್ಟಿತು. ತಪ್ಪು ತಿದ್ದಬೇಕೆಂದು ಗೂಬೆಮರಿಗೆ ನಾಲಿಗೆ ತುದಿಯವರೆಗೆ ಬಂತು. ಅಷ್ಟರಲ್ಲಿ ಗುಂಡ ಬೆಂಚನ್ನು ಟಕ್ ಟಕ್ ಎಂದು ತಟ್ಟಿದ.

ಪುಟ್ಟ ಹುಡುಗಿ ಬೆಚ್ಚಿಬಿದ್ದು, ಪ್ಲಾಸ್ಟರ್ ಕಾಲನ್ನು ಎಳೆದುಕೊಂಡು, ಗುಂಡನ ಪಕ್ಕಕ್ಕೆ ಒತ್ತಾಗಿ ಸರಿದು ಕೂತಳು. ಇನ್ನೊಂದು ಸಲ ತಟ್ಟಿದಾಗ ಅವನ ತೋಳನ್ನೇ ಹಿಡಿದುಕೊಂಡಳು. ಅಳು ಯಾವಾಗ ನಿಂತಿತೋ ಅವಳಿಗೇ ಗೊತ್ತಿರಲಿಲ್ಲ.

"ಆಮೇಲೆ?" ಎಂದಳು.

ಗೂಬೆಮರಿ ತಪ್ಪು ತಿದ್ದಲು ಹೋಗಲಿಲ್ಲ. ಅವರಿಬ್ಬರ ನಡುವೆ ಈಗ ಒಂದು ಬೆರಳು ತೂರಿಸುವಷ್ಟೂ ಜಾಗವಿರಲಿಲ್ಲ. ಅದನ್ನೇ ನೋಡುತ್ತ ನಿಂತಳು.

ಆಚೆ ರಸ್ತೆಯಲ್ಲಿ ಬಸ್ಸು ಬಂದು ನಿಂತು, ಹೊರಟುಹೋಯಿತು. ಅಮ್ಮ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರು. ಗೂಬೆಮರಿ ಅವರ ಪಕ್ಕ ಹೋಗಿ, ಆದಷ್ಟು ಹತ್ತಿರಕ್ಕೆ ಕೂತಳು.