ಕಲ್ಲಾದ ಪೆಡಲ್

ಎಂಜಿನ್ ಗುಡುಗಬೇಕು ಎಂದು ಕೇಳಿದ ನೀವು, ಕಾರು ನಿಲ್ಲುತ್ತದೆಯೇ ಎಂದು ಒಮ್ಮೆಯಾದರೂ ಕೇಳಿದಿರಾ?

ನಿಮ್ಮ ಟರ್ಬೊ ಕಾರಿನ ಮಾತನ್ನೇ ಆಡುತ್ತಿದ್ದೇನೆ. ಇಂದು ಬೆಳಿಗ್ಗೆ ಅದರ ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ಪಾರ್ಕಿಂಗ್ ಕಟ್ಟಡದ ಇಳಿಜಾರು. ಪಕ್ಕದ ಸೀಟಿನಲ್ಲಿ ಅದರ ಎಂಜಿನ್ ಮಾರ್ಪಡಿಸಿಕೊಟ್ಟ ನಿಮ್ಮ ಟ್ಯೂನರ್. ತಿರುವಿನಾಚೆ ಗೋಡೆ!

"ಬ್ರೇಕ್ ಹಾಕಿ ಸಾರ್!"

"ಹಾಕಿದೀನಿ."

"ಜೋರಾಗಿ ಒತ್ತಿ!"

"ಇದಕ್ಕಿಂತ ಜೋರಾಗಿ ಒತ್ತಿದ್ರೆ ಕಾಲು ಬಾನೆಟ್‌ನಿಂದ ಆಚೆ ಬರುತ್ತೆ."

ಹ್ಯಾಂಡ್‌ಬ್ರೇಕಿನತ್ತ ಚಾಚಿದ ಅವನ ಕೈಯನ್ನು ಹಿಡಿದುಕೊಂಡೆ.

"ಅಯ್ಯೋ... ನಂಗೆ ಮದುವೆ ಗೊತ್ತಾಗಿದೆ ಸಾರ್!"

"ಸಂತೋಷ. ಈ ಕಾರಿಗೆ ಯಾವ ಕ್ಯಾಮ್‌ಶಾಫ್ಟ್ ಹಾಕಿದೀಯ?"

"ಈಗ ಕೇಳೋ ಮಾತಾ ಇದು!"

"ಗೋಡೆ ಬಂದ್ಮೇಲೆ ಕೇಳೋಕಾಗಲ್ಲ."

"ರೇಸ್ ಕ್ಯಾಮ್! ರೇಸ್ ಕ್ಯಾಮ್ ಸಾರ್!"

ಧಡ್!

ಹಳೆಯ ಟಯರ್‌ಗಳ ರಾಶಿಗೆ ಗುದ್ದಿ ಕಾರು ನಿಂತಿತು. ಅವನ್ನು ಗೋಡೆಗೆ ಒಟ್ಟಿಸಿ, ಇಳಿಜಾರಿಗೆ ಯಾರೂ ಬಾರದಂತೆ ಹಗ್ಗ ಕಟ್ಟಿಸಿದವನು ನಾನೇ. ಆ ವಿಷಯವನ್ನು ಅವನಿಗೆ ತಿಳಿಸಿರಲಿಲ್ಲ.

ಕಾರಣವಿತ್ತು. ಹೋದ ವಾರ ಇದೇ ಇಳಿಜಾರಿನಲ್ಲಿ ನೀವು ಓಡಿಸುತ್ತಿದ್ದ ಈ ಕಾರು ಕಾವಲುಗಾರನ ಕಾಲು ಮುರಿಯಿತು. ರಿಪೇರಿಯವನ ತಪ್ಪಿನಿಂದ ಬ್ರೇಕ್ ಫೇಲ್ ಎಂದು ನೀವು ಪೊಲೀಸರಿಗೆ ಹೇಳಿದಿರಿ. ಹಿಂದಿನ ದಿನ ಬ್ರೇಕ್ ಪ್ಯಾಡ್ ಬದಲಿಸಿದ್ದ ಮೆಕ್ಯಾನಿಕ್‌ನನ್ನು ಅವರು ಒಳಗೆ ಹಾಕಿದರು.

ಆತ ನನ್ನ ಅಕ್ಕನ ಗಂಡ.

"ನಿಮ್ ಭಾವ ಸೈಕಲ್ ಬ್ರೇಕನ್ನೂ ಎರಡೆರಡು ಸಲ ನೋಡೋ ಮನುಷ್ಯ ಕಣೋ," ಎಂದಳು ಅಕ್ಕ. "ದುಡ್ಡು ಇಸ್ಕೊಂಡು ಕಂಡೋರ ಕಳ್ಳರನ್ನೆಲ್ಲ ಹಿಡೀತೀಯ. ಇದೊಂದನ್ನ ಪುಕ್ಕಟೆ ಹಿಡಿ."

ಹಿಡಿದೆ. ಪ್ಯಾಡ್ ಸರಿಯಿತ್ತು. ಬ್ರೇಕ್ ಆಯಿಲ್ ಸರಿಯಿತ್ತು. ಸರಿಯಿಲ್ಲದ್ದು ಎಂಜಿನ್ನಿನೊಳಗಿತ್ತು. ಕಾರು ನಿಂತಿದ್ದ ಟ್ಯೂನರ್‌ನ ಶೆಡ್ಡಿಗೆ ಹೋಗಿ, ಕಾರು ಓಡಿಸಿ ನೋಡಬೇಕು ಎಂದೆ. ಅದು ಸುಳ್ಳಲ್ಲ.

ಅವನು ಟಯರ್ ಮೇಲೆ ಕುಳಿತು ಬೆವರೊರೆಸಿಕೊಂಡ.

"ಈಗ ಪಾಠ ಒಪ್ಪಿಸು," ಎಂದೆ.

"ರೇಸ್ ಕ್ಯಾಮ್ ವಾಲ್ವ್‌ಗಳನ್ನ ಜಾಸ್ತಿ ಹೊತ್ತು ತೆರೆದಿಡುತ್ತೆ ಸಾರ್. ಗಾಳಿ ಬರೋ ಬಾಗ್ಲು, ಹೊಗೆ ಹೋಗೋ ಬಾಗ್ಲು... ಎರಡೂ ಒಟ್ಟೊಟ್ಟಿಗೆ. ಸ್ಪೀಡಲ್ಲಿ ಕಾರು ಹಾರುತ್ತೆ."

"ನಿಧಾನಕ್ಕೆ ಹೋದ್ರೆ?"

"ಗುಡುಗುಡು ಅನ್ನುತ್ತೆ. ಎಂಜಿನ್ ಗಾಳಿ ಎಳೆಯೋ ಸೆಳೆತ ಕಮ್ಮಿಯಾಗುತ್ತೆ."

"ತುಳಿಯೋ ಕಾಲಿಗೆ ಬಲ ಕೊಡೋ ಬ್ರೇಕ್ ಬೂಸ್ಟರ್ ನಡೆಯೋದು ಯಾವುದರಿಂದ?"

ಅವನು ತಲೆ ತಗ್ಗಿಸಿದ. "ಅದೇ ಸೆಳೆತದಿಂದ. ಇಳಿಜಾರಲ್ಲಿ ಮತ್ತೆ ಮತ್ತೆ ತುಳಿದ್ರೆ... ಪೆಡಲ್ ಕಲ್ಲು."

"ರಸ್ತೆ ಮೇಲಿನ ಟರ್ಬೊಗೆ ಎಂಥ ಕ್ಯಾಮ್ ಬೇಕು?"

"ಸಾಧು ಕ್ಯಾಮ್. ಎರಡು ಬಾಗ್ಲೂ ಒಟ್ಟಿಗೆ ತೆರೆದಿರೋ ಹೊತ್ತು ಕಮ್ಮಿ ಇರ್ಬೇಕು. ಗಾಳಿ ತಳ್ಳೋಕೆ ಟರ್ಬೊ ಇದೆಯಲ್ಲ! ಅದನ್ನೇ ಹೇಳ್ದೆ ಸಾರ್, ಬ್ರೇಕ್ ಕಲ್ಲಾಗುತ್ತೆ ಅಂತಾನೂ ಹೇಳ್ದೆ, ದೇವ್ರಾಣೆ. ಓನರ್ ಏನಂದ್ರು ಗೊತ್ತಾ? ಸಿಗ್ನಲ್‌ನಲ್ಲಿ ನಿಂತಾಗ ಜನ ತಿರುಗಿ ನೋಡ್ಬೇಕು, ಹಾಕಯ್ಯಾ ಅಂದ್ರು."

"ನೀನ್ಯಾಕೆ ಹಾಕ್ದೆ?"

"ನಾನು ಹಾಕ್ದಿದ್ರೆ ಪಕ್ಕದ ಅಂಗಡಿಯವ್ನು ಹಾಕ್ತಿದ್ದ."

ಲೋಕದ ಪಾಪಗಳೆಲ್ಲ ಆ ಪಕ್ಕದ ಅಂಗಡಿಯಲ್ಲಿಯೇ ಹುಟ್ಟುತ್ತವೆ!

ಟ್ಯೂನರ್ ಈಗ ಠಾಣೆಯಲ್ಲಿ ಹೇಳಿಕೆ ಕೊಡುತ್ತಿದ್ದಾನೆ. ಭಾವ ಹೊರಬರಲು ಇನ್ನೊಂದು ಬಾಯಿ ಬೇಕು. ನಿಮ್ಮದು. ಮುರಿದ ಕಾಲು ಎಂದಾದರೂ ಕೂಡೀತು. ನಿರಪರಾಧಿಯ ತಲೆಯ ಮೇಲೆ ಹೊರಿಸಿದ ಸುಳ್ಳು ತಾನಾಗಿ ಇಳಿಯುವುದಿಲ್ಲ. ಹೊರಿಸಿದ ಕೈಯೇ ಅದನ್ನು ಇಳಿಸಬೇಕು.

ಬಾಗಿಲ ಕಡೆ ನೋಡಬೇಡಿ... ಅಲ್ಲಿ ಅಕ್ಕ ನಿಂತಿದ್ದಾಳೆ. ಆಕೆ ನನ್ನಷ್ಟು ಮೃದುವಲ್ಲ.

ಏಳಿ. ಠಾಣೆಗೆ ಬಂದು ನಿಜ ಹೇಳಿ. ದಾರಿಯೆಲ್ಲ ಇಳಿಜಾರು... ದಯವಿಟ್ಟು ನಡೆದುಕೊಂಡೇ ಬನ್ನಿ.