ಎಡಗಡೆಯ ಕಪ್ಪು ಗಾಜು

ಜೂನ್ ಹನ್ನೊಂದರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅಕ್-ತೆರೆಕ್ ಹಳ್ಳಿಯ ದೋರೋನ್ ಎಂಬಾತ ಠಾಣೆಗೆ ಬಂದ. ಅರವತ್ತು ದಾಟಿದ ಮನುಷ್ಯ. ಬಿಳಿ ಉಣ್ಣೆಯ ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದಿದ್ದ. ಪ್ಯಾಂಟು ಮೊಣಕಾಲಿನವರೆಗೆ ಕೆಸರಾಗಿತ್ತು. ಸಾರ್ಜೆಂಟ್ ಮೇರಿಮ್ ಬೆಂಚು ತೋರಿಸಿದರೂ ಕೂರಲಿಲ್ಲ.

"ಏನಾಯ್ತು ಯಜಮಾನ್ರೆ?"

"ನನ್ನ ಹೆಂಡ್ತಿ ಕಾಲುವೇಲಿ ಬಿದ್ದಿದ್ಲು. ಹೋಗ್ಬಿಟ್ಟಿದಾಳೆ."

"ಯಾರು ನೋಡಿದ್ದು?"

"ನಾನೇ. ಹಾಲು ಹಾಕೋಕೆ ಹೋದೋಳು ಬರ್ಲಿಲ್ಲ ಅಂತ ಹುಡುಕ್ಕೊಂಡು ಹೋದೆ. ಎತ್ತಿ ದಂಡೆ ಮೇಲೆ ಮಲಗ್ಸಿದೀನಿ. ಪಕ್ಕದ ಮನೆಯೋರು ಕಾಯ್ತಾ ಕೂತಿದಾರೆ."

"ಕಾಲು ಜಾರಿತ್ತೇನೋ."

"ಹಾಲಿನ ಕ್ಯಾನು ನಜ್ಜುಗುಜ್ಜಾಗಿದೆ ತಾಯಿ. ಕಾಲು ಜಾರಿ ಬಿದ್ರೆ ಕ್ಯಾನು ಹಂಗಾಗಲ್ಲ."

ಮೇರಿಮ್ ಪೆನ್ನು ಎತ್ತಿಕೊಂಡಳು. ಸತ್ತವಳ ಹೆಸರು ಊಲ್ಕನ್, ವಯಸ್ಸು ಐವತ್ತೆಂಟು. ಮನೆ ಹೆದ್ದಾರಿಯ ಪಕ್ಕ. ದಿನಾ ಬೆಳಿಗ್ಗೆ ಆರೂವರೆಗೆ ಕ್ಯಾನು ಹೊತ್ತು ಹೊರಡುತ್ತಿದ್ದಳು. ಹಳ್ಳಿಯ ರಸ್ತೆ ಹೆದ್ದಾರಿಗೆ ಸೇರುವ ಬಾಯಿಯನ್ನು ದಾಟಿ, ಅಂಗಡಿಯ ಮುಂದೆ ಹಾಲಿನ ಗಾಡಿಗೆ ಕಾಯುತ್ತಿದ್ದಳು. ಆ ದಿನ ಗಾಡಿಯವನು ಊಲ್ಕನ್ ಅಕ್ಕ ಇವತ್ತು ಬಂದಿಲ್ಲ ಎಂದುಕೊಂಡು ಹೊರಟುಹೋಗಿದ್ದ. FIR ದಾಖಲಾಯಿತು. ಅಪರಿಚಿತ ವಾಹನ, ಡಿಕ್ಕಿ, ಪರಾರಿ.

ಇನ್‌ಸ್ಪೆಕ್ಟರ್ ಸಪರ್ ಜಾನಿಬೆಕೋವ್ ಹತ್ತು ಗಂಟೆಗೆ ಸ್ಥಳದಲ್ಲಿದ್ದ. ಇಬ್ಬರು ನೆರೆಯವರ ಸಮಕ್ಷಮ ಪಂಚನಾಮೆ ನಡೆಯಿತು. ಕಾಲುವೆಯ ದಂಡೆಯಲ್ಲಿ ಹುಲ್ಲು ಎದೆಮಟ್ಟ ಬೆಳೆದಿತ್ತು. ಒಳಗೆ ಬಿದ್ದವರು ರಸ್ತೆಯಲ್ಲಿ ಹೋಗುವವರಿಗೆ ಕಾಣುವಂತಿರಲಿಲ್ಲ. ಟಾರಿನ ಮೇಲೆ ಎಡಕ್ಕೆ, ಪಟ್ಟಣದ ಕಡೆಗೆ ತಿರುಗಿದ ಬ್ರೇಕಿನ ಗುರುತು ಇತ್ತು, ಆದರೆ ಬಹಳ ಗಿಡ್ಡದು. ಮನುಷ್ಯ ಕಣ್ಣಿಗೆ ಬಿದ್ದಮೇಲೆ ಒತ್ತಿದ ಬ್ರೇಕಲ್ಲ, ಬಡಿದ ಸದ್ದು ಕೇಳಿದಮೇಲೆ ಒತ್ತಿದ್ದು. ಅಲ್ಯೂಮಿನಿಯಂ ಕ್ಯಾನಿನ ಕುತ್ತಿಗೆಗೆ ನೀಲಿ ಬಣ್ಣ ಮೆತ್ತಿಕೊಂಡಿತ್ತು. ಧೂಳಿನಲ್ಲಿ ಕಾರಿನ ಕಿಟಕಿಯ ಗಾಜು ಕಲ್ಲುಸಕ್ಕರೆಯ ಚೂರಿನಂತೆ ಹರಡಿತ್ತು. ಹುಲ್ಲಿನ ನಡುವೆ ಮೇರಿಮ್‌ಗೆ ಅಂಗೈಯಗಲದ ಒಂದು ತುಂಡು ಸಿಕ್ಕಿತು. ಗಾಜು ಪುಡಿಯಾಗಿದ್ದರೂ ಉದುರಿರಲಿಲ್ಲ. ಅದಕ್ಕೆ ಅಂಟಿದ್ದ ಕಪ್ಪು ಫಿಲ್ಮು ಹಿಡಿದುಕೊಂಡಿತ್ತು.

"ನೋಡಿ ಸಾರ್, ಫಿಲ್ಮಿನಡಿ ತುಂಬಾ ಗಾಳಿಗುಳ್ಳೆ," ಎಂದಳು ಮೇರಿಮ್.

ಸಪರ್ ಅದನ್ನು ಬೆಳಕಿಗೆ ಹಿಡಿದ. ಆಚೆ ಬದಿಯ ಪಾಪ್ಲರ್ ಮರಗಳು ಒಂದಿಷ್ಟು ಕಂಡವು, ಒಂದಿಷ್ಟು ಕಾಣಲಿಲ್ಲ.

ಮರುದಿನ ಬೆಳಿಗ್ಗೆ, ಊಲ್ಕನ್ ನಡೆದುಹೋಗುತ್ತಿದ್ದ ಹೊತ್ತಿಗೆ, ಇಬ್ಬರೂ ಮತ್ತೆ ಅಲ್ಲಿಗೆ ಹೋದರು. ಹಳ್ಳಿಯಿಂದ ಬಂದು ಎಡಕ್ಕೆ ತಿರುಗಿದರೆ ಪಟ್ಟಣ. ಸೂರ್ಯ ಆಗತಾನೇ ಮೇಲೆ ಬಂದು ನೇರ ಎಡಗಡೆಗೇ ಇದ್ದ. ಜೀಪನ್ನು ತಿರುವಿನಲ್ಲಿ ನಿಲ್ಲಿಸಿ ಸಪರ್ ಆ ತುಂಡನ್ನು ಕಣ್ಣಿನ ಮುಂದೆ ಹಿಡಿದ. ಒಂದೊಂದು ಗುಳ್ಳೆಯೂ ದೀಪದಂತೆ ಹೊತ್ತಿ ಉರಿಯಿತು.

"ಮೇರಿಮ್, ಆ ಕಡೆಯಿಂದ ನಡ್ಕೊಂಡು ಬಾ."

ಮೇರಿಮ್ ನಡೆದು ಬಂದಳು. ಜೀಪಿನ ಮುಂಭಾಗಕ್ಕೆ ಕೈ ತಾಗುವವರೆಗೂ ಅವಳು ಅವನಿಗೆ ಕಾಣಲಿಲ್ಲ.

ಅವತ್ತೇ ಮರಣೋತ್ತರ ಪರೀಕ್ಷೆಯ ವರದಿ ಬಂತು. ತೊಡೆಯ ಮೂಳೆ ಮುರಿದಿದೆ, ತಲೆಗೆ ಪೆಟ್ಟಾಗಿದೆ, ರಕ್ತ ಒಳಗೇ ಸೋರಿದೆ. ಸಪರ್ ಫೋನು ಮಾಡಿ ವೈದ್ಯರನ್ನು ಕೇಳಿದ:

"ಬಿದ್ದ ತಕ್ಷಣ ಹೋದಳೇ?"

"ಇಲ್ಲ. ಒಂದು ಗಂಟೆಯಾದರೂ ಜೀವ ಇತ್ತು. ಎಚ್ಚರ ಇತ್ತೋ ಇಲ್ವೋ ಹೇಳೋಕಾಗಲ್ಲ. ಬೇಗ ತಂದಿದ್ರೆ ಉಳಿಸ್ಕೋಬಹುದಿತ್ತು."

ಸಪರ್ ಫೋನು ಇಟ್ಟ. ಮೇರಿಮ್ ಏನೆಂದು ಕೇಳಿದ್ದಕ್ಕೆ ವರದಿಯನ್ನು ಅವಳ ಕಡೆಗೆ ತಳ್ಳಿದ.

ಪಟ್ಟಣದಲ್ಲಿ ಕಾರಿನ ಗಾಜಿಗೆ ಫಿಲ್ಮ್ ಹಾಕುವವರಲ್ಲಿ ಹೆಸರಾದವನು ಹರ್ಸಾನ್, ಹಿಂದೆಂದೋ ಚೀನಾದಿಂದ ಬಂದು ನೆಲೆಸಿದ ಡುಂಗನ್ ಜನಾಂಗದವನು. ಮಾರುಕಟ್ಟೆಯ ಹಿಂದೆ ಅವನ ಶೆಡ್ಡು. ಪೊಲೀಸರನ್ನು ಕಂಡು ಅವನು ನಕ್ಕ.

"ಬನ್ನಿ ಸಾಹೇಬ್ರೆ. ರೋಡಲ್ಲಿ ನಿಲ್ಸಿ ಕಿತ್ತು ಹಾಕ್ಸೋರೂ ನೀವೇ, ಆಮೇಲೆ ನಮ್ಮ ಕಾರಿಗೂ ಸ್ವಲ್ಪ ಹಾಕ್ಕೊಡು ಅನ್ನೋರೂ ನೀವೇ."

"ಇದು ನಿನ್ನ ಕೆಲಸವೇ?"

ಹರ್ಸಾನ್ ತುಂಡನ್ನು ತಿರುಗಿಸಿ ನೋಡಿದ. ನಗು ಹೋಯಿತು.

"ನಾನು ಹಿಂಗೆ ಮಾಡಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬಂದು ಒದೀತಾನೆ. ಇದು ಮನೇಲಿ ಮಾಡ್ಕೊಂಡಿರೋದು. ಬಜಾರಿನ ಅಗ್ಗದ ಮಾಲು. ಗಾಜು ಸರಿಯಾಗಿ ತೊಳೆದಿಲ್ಲ, ಧೂಳು ಒಳಗೇ ಕೂತಿದೆ. ಅಂಟಿಸೋವಾಗ ಹಾಕಿದ ನೀರು ಒತ್ತಿ ತೆಗೆದಿಲ್ಲ. ಅಂಚು ತರಕಾರಿ ಚಾಕೂಲಿ ಕುಯ್ದಂಗಿದೆ."

"ಮನೆಯಲ್ಲೇ ಯಾಕೆ ಮಾಡ್ಕೊಳ್ತಾರೆ?"

"ದುಡ್ಡು ಉಳಿಯುತ್ತೆ ಅಂತ. ಇಲ್ಲಾಂದ್ರೆ ನಾವು ಆಗಲ್ಲ ಅಂದಿರ್ತೀವಿ. ಮುಂದಿನ ಬಾಗಿಲ ಗಾಜಿಗೆ ಕಪ್ಪು ಹಾಕಂಗಿಲ್ಲ ಅಂತ ಕಾನೂನಿದೆಯಲ್ಲ."

"ಈಚೆಗೆ ಯಾರಿಗಾದ್ರೂ ಆಗಲ್ಲ ಅಂದಿದ್ದೆಯಾ? ನೀಲಿ ಕಾರು."

ಹರ್ಸಾನ್ ತುಂಡನ್ನು ವಾಪಸ್ ಕೊಟ್ಟ. ನೆಲಕ್ಕೆ ಕೂತು ಕೈ ಒರೆಸಿಕೊಂಡ.

"ಏಪ್ರಿಲಲ್ಲಿ ಒಬ್ಬ ಬಂದಿದ್ದ. ನಮ್ಮ ಕಾರುಗಳಂಗೆ ಎಡಗಡೆ ಅಲ್ಲ, ಬಲಗಡೆ ಸ್ಟೇರಿಂಗು, ಜಪಾನಿಂದ ಬಂದಿರೋ ಹಳೇ ಕಾರು. ನೀಲಿ. ಸುತ್ತ ಎಲ್ಲಾ ಗಾಜಿಗೂ ಕಪ್ಪು ಬೇಕು, ಮುಂದಿಂದಕ್ಕೂ ಬೇಕು ಅಂದ. ಆಗಲ್ಲ ಅಂದೆ. ಹೋಗ್ಲಿಲ್ಲ, ನಿಂತೇ ಇದ್ದ. ಕಪ್ಪು ಹಾಕಿದ್ರೆ ಬಿಸಿಲು ನಿಲ್ಲುತ್ತಾ ಅಂತ ಕೇಳ್ದ."

"ನೀನೇನಂದೆ?"

"ನಂಗೆ ಗಿರಾಕಿ ಇದ್ರು. ಬಜಾರಲ್ಲಿ ಸುರುಳಿ ಸಿಗುತ್ತೆ, ನೀನೇ ಹಾಕ್ಕೋ ಮಾರಾಯ ಅಂದೆ. ಹೆಂಗಸ್ರನ್ನ ಸುತ್ತಾಡ್ಸೋ ಪೈಕಿ ಇರ್ಬೇಕು ಅಂದ್ಕೊಂಡೆ."

ಹೆಸರು ಅವನಿಗೆ ಗೊತ್ತಿರಲಿಲ್ಲ.

ಕಾರು ಪಟ್ಟಣದ ಕಡೆ ತಿರುಗಿತ್ತು. ಎಡಗಿಟಕಿ ಒಡೆದುಹೋದ ನೀಲಿ ಕಾರು ಆ ಬೆಳಿಗ್ಗೆ ಯಾರ ಕಣ್ಣಿಗಾದರೂ ಬಿದ್ದಿರಲೇಬೇಕು. ಮೇರಿಮ್ ಪೆಟ್ರೋಲ್ ಬಂಕಿನಲ್ಲಿ, ಬಸ್ ನಿಲ್ದಾಣದಲ್ಲಿ, ರೊಟ್ಟಿ ಸುಡುವವರ ಬೀದಿಯಲ್ಲಿ ವಿಚಾರಿಸಿದಳು. ಕೊನೆಗೆ ಉತ್ತರ ಸಿಕ್ಕಿದ್ದು ಆಸ್ಪತ್ರೆಯ ಗೇಟಿನಲ್ಲಿ. ಕಾವಲಿನ ಮುದುಕ ಸೂರ್ಯಕಾಂತಿ ಬೀಜ ಸುಲಿಯುತ್ತಾ ಕುಳಿತಿದ್ದ.

"ಮೊನ್ನೆ ಬೆಳಿಗ್ಗೆಯಾ? ಬಂದಿತ್ತು. ನಾನು ಗೇಟು ತೆಗೆದ ಹೊತ್ತಿಗೇ ಬಂತು. ಕಿಟಕಿಗೆ ರಜಾಯಿ ತುರುಕಿದ್ದ."

"ಯಾರಿದ್ರು ಒಳಗೆ?"

"ಅಪ್ಪ, ಮಗಳು. ಮಗೂನ ಇನ್ನೊಂದು ರಜಾಯಿಲಿ ಸುತ್ಕೊಂಡು ಒಳಕ್ಕೆ ಓಡ್ದ. ಪಾಪ, ಅದಕ್ಕೆ ಬಿಸಿಲು ಆಗಲ್ವಂತೆ. ತಿಂಗಳಿಗೊಂದ್ಸಲ ರಾಜಧಾನಿಯಿಂದ ಚರ್ಮದ ಡಾಕ್ಟ್ರು ಬರ್ತಾರಲ್ಲ, ಅವ್ರ ಹತ್ರ ಬರ್ತಾರೆ."

ಮೇರಿಮ್ ಜೀಪಿಗೆ ಮರಳಿ ಬಂದು ಇಷ್ಟನ್ನೂ ಹೇಳಿದಳು. ಸಪರ್ ಗಾಡಿಯ ಕೀಲಿಯಿಂದ ಕೈ ತೆಗೆದ.

"ಇದೇ ಆಸ್ಪತ್ರೆಗೇ ಬಂದ," ಎಂದ. "ಅವಳಿನ್ನೂ ಜೀವಂತ ಇದ್ಲು."

ಚರ್ಮದ ವೈದ್ಯರ ನೋಂದಣಿ ಪುಸ್ತಕದಲ್ಲಿ ಹೆಸರು ಸಿಕ್ಕಿತು: ಎರ್ಮೆಕ್ ಸಾತಿಬಾಲ್ದೀವ್. ಅಕ್-ತೆರೆಕ್ ಶಾಲೆಯಲ್ಲಿ ಕೋಣೆಗಳನ್ನು ಬೆಚ್ಚಗಿಡುವ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವವನು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಜೂನ್ ಹದಿಮೂರರ ಮಧ್ಯಾಹ್ನ ಪೊಲೀಸರು ಹೋದಾಗ ಕಾರು ಹುಲ್ಲಿನ ಕೊಟ್ಟಿಗೆಯಲ್ಲಿತ್ತು. ಎಡಗಡೆಯ ಮುಂದಿನ ಗಾಜು ಇರಲಿಲ್ಲ. ಉಳಿದ ಗಾಜುಗಳಿಂದ ಫಿಲ್ಮು ಕಿತ್ತು ಹಾಕಲಾಗಿತ್ತು. ಬ್ಲೇಡಿನಿಂದ ಕೆರೆದ ಗೀರುಗಳು, ಅಲ್ಲಲ್ಲಿ ಹೊಲಸಾಗಿ ಉಳಿದ ಅಂಟು. ಬಾನೆಟ್ಟಿನ ಎಡಮೂಲೆ ಒಳಕ್ಕೆ ಹೋಗಿತ್ತು.

ಎರ್ಮೆಕ್ ಬಾಗಿಲಲ್ಲೇ ನಿಂತಿದ್ದ. ಮೂವತ್ತೈದರ ಗಂಡಸು, ಉಗುರುಗಳೊಳಗೆ ಕಲ್ಲಿದ್ದಲ ಕಪ್ಪು.

"ಕಾರಿಗೇನಾಯ್ತು?" ಸಪರ್ ಕೇಳಿದ.

"ಮರಕ್ಕೆ ತಾಗ್ತು."

"ಯಾವ ಮರ?"

"ಕಾಡಿನ ದಾರೀಲಿ."

"ಫಿಲ್ಮ್ ಯಾಕೆ ಕಿತ್ತೆ?"

"ಕಾನೂನಲ್ವಾ."

"ಎರಡು ದಿನದ ಹಿಂದೆ ಇರ್ಲಿಲ್ವಾ ಕಾನೂನು?"

ಒಳಗಿನಿಂದ ಹುಡುಗಿಯ ದನಿ ಬಂತು. "ಯಾರಪ್ಪಾ?"

ಸಪರ್ ಒಳಗೆ ಹೆಜ್ಜೆಯಿಟ್ಟ. ಕಿಟಕಿಗಳಿಗೆಲ್ಲ ದಪ್ಪ ಕಂಬಳಿ ಹೊಡೆದಿತ್ತು. ಹೊರಗಿನ ಬಿಸಿಲಿನಿಂದ ಬಂದವನಿಗೆ ಕ್ಷಣಹೊತ್ತು ಏನೂ ಕಾಣಲಿಲ್ಲ. ಆಮೇಲೆ ಮೂಲೆಯ ಸಣ್ಣ ದೀಪದ ಬುಡದಲ್ಲಿ ಒಂಬತ್ತು ವರ್ಷದ ಅಕ್ಮಾರಾಲ್ ಕಂಡಳು. ಮುಖದ ತುಂಬ ಕಂದು ಮಚ್ಚೆ. ಎಡಗೆನ್ನೆಯಲ್ಲಿ ಹಸಿ ಬೊಬ್ಬೆಗಳು, ಮೇಲೆ ಬಿಳಿ ಮುಲಾಮು. ಅವಳು ಮೊದಲು ಸಮವಸ್ತ್ರವನ್ನು ನೋಡಿದಳು, ಆಮೇಲೆ ಅಪ್ಪನನ್ನು.

"ಅಂಕಲ್, ಆ ನಾಯಿ ವಿಷಯಕ್ಕೆ ಬಂದ್ರಾ?"

"ಯಾವ ನಾಯಿ ಪುಟ್ಟಿ?"

"ಡಾಕ್ಟ್ರ ಹತ್ರ ಹೋಗೋವಾಗ ತಾಗ್ತಲ್ಲ. ಅಪ್ಪ ಇಳಿದು ನೋಡಿ ಬಂದು ನಾಯಿ ಅಂದ್ರು." ಮೆಲ್ಲಗೆ ಸೇರಿಸಿದಳು: "ನಾಯಿ 'ಅಯ್ಯೋ ಅಮ್ಮಾ' ಅನ್ನಲ್ಲ ಅಲ್ವಾ? ನಾನು ಅಪ್ಪನ್ನ ಕೇಳ್ಲಿಲ್ಲ."

ಎರ್ಮೆಕ್ ಹೊಸ್ತಿಲ ಮೇಲೆ ಕೂತ. ಮೇರಿಮ್ ಹುಡುಗಿಯ ಪಕ್ಕಕ್ಕೆ ಹೋಗಿ ಕೂತು, ನಿನ್ನ ಆಟದ ಸಾಮಾನು ತೋರ್ಸು ಎಂದಳು. ಸಪರ್ ಅವನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದ. ಹೇಳಿಕೆ ಅಲ್ಲೇ ನಡೆಯಿತು.

"ಮೊದ್ಲಿಂದ ಹೇಳು."

"ಚಳಿಗಾಲದಲ್ಲಿ ತೊಂದ್ರೆ ಇರ್ಲಿಲ್ಲ. ಕತ್ತಲೇಲೇ ಹೊರಟು ಬೆಳಕಾಗೋದ್ರೊಳಗೆ ಆಸ್ಪತ್ರೆ ಸೇರ್ತಿದ್ವಿ, ಸಂಜೆ ಕತ್ತಲಾದ್ಮೇಲೆ ವಾಪಸ್. ಬೇಸಿಗೇಲಿ ಆಗಲ್ಲ. ಆಸ್ಪತ್ರೆ ಬಾಗಿಲು ತೆಗೆಯೋ ಹೊತ್ತಿಗೆ ಬಿಸಿಲು ಏರಿರುತ್ತೆ. ಹೋದ್ವರ್ಷ ರಜಾಯಿ ಸುತ್ತಿ ಮಲಗ್ಸಿದ್ದೆ. ಉಸಿರುಗಟ್ಟಿ ಕಣ್ಣು ಮೇಲಾಯ್ತು. ಅದಕ್ಕೇ ಗಾಜು ಕಪ್ಪು ಮಾಡೋಣ ಅಂದ್ಕೊಂಡೆ."

"ಹರ್ಸಾನ್ ಹತ್ರ ಯಾಕೆ ಹೇಳ್ಲಿಲ್ಲ ಮಗೂಗೆ ಅಂತ?"

"ಹೇಳೋಕೆ ಹೋದೆ. ಅವ್ರು ಗಿರಾಕಿ ಜೊತೆ ನಗ್ತಿದ್ರು. ಬಾಯಿ ಬರ್ಲಿಲ್ಲ." ಅವನು ನೆಲ ನೋಡುತ್ತಿದ್ದ. "ಬಜಾರಿಂದ ತಂದು ನಾನೇ ಅಂಟಿಸ್ದೆ. ಒಂದಿಡೀ ಭಾನುವಾರ. ಮಗಳು ಒಳಗಿಂದ ಕೇಳ್ತಾನೇ ಇದ್ಲು, ಆಯ್ತಾ ಅಪ್ಪ, ಆಯ್ತಾ ಅಪ್ಪ ಅಂತ. ಗುಳ್ಳೆ ಹೋಗ್ಲೇ ಇಲ್ಲ. ಸೂಜಿ ಚುಚ್ಚಿದೆ, ಇನ್ನೂ ಕೆಟ್ಟೋಯ್ತು. ಆದ್ರೂ ಮೊದಲ್ನೇ ಸಲ ಅವಳು ಕಾರಲ್ಲಿ ಎದ್ದು ಕೂತು ಹೊರಗೆ ನೋಡಿದ್ಲು. ಕುದುರೆ ನೋಡಿದ್ಲು."

"ಆ ಬೆಳಿಗ್ಗೆ?"

"ಬಲಗಡೆ ಕೂತು ಓಡಿಸ್ಬೇಕು, ಎಡಗಡೆ ಗಾಜಲ್ಲಿ ನೋಡ್ಬೇಕು. ಬರೀ ಬೆಳಕು, ಏನೂ ಕಾಣ್ಲಿಲ್ಲ. ಯಾರೂ ಇರಲ್ಲ ಅಂತ ತಿರುಗ್ಸಿದೆ. ಏನೋ ಬಡಿದು ಗಾಜು ಒಳಕ್ಕೂ ಹೊರಕ್ಕೂ ಒಡೆದು ಬಿತ್ತು. ಇಳಿದು ನೋಡ್ದೆ, ಕಾಲುವೇಲಿ ಬಿದ್ದಿದ್ರು. ಊಲ್ಕನ್ ಅಕ್ಕ. ನನ್ನ ಹೆಂಡ್ತಿ ಸತ್ತಾಗ ನಮ್ಮನೇಲಿ ಅಡುಗೆ ಮಾಡಿ ಬಡಿಸಿದೋರು. ಅಲುಗಾಡ್ತಿರ್ಲಿಲ್ಲ. ಹಿಂದೆ ಮಗು ಕಿರುಚ್ತಿತ್ತು, ಒಡೆದ ಕಿಟಕೀಲಿ ಬಿಸಿಲು ನೇರ ಅವಳ ಮುಖದ ಮೇಲೆ. ಅಕ್ಕ ಹೋಗ್ಬಿಟ್ಟಿದಾರೆ, ಇವಳಿನ್ನೂ ಇದಾಳೆ ಅಂತ ಅನ್ನಿಸ್ತು. ರಜಾಯಿ ತುರುಕಿ ಹೊರಟೆ."

"ಮುಟ್ಟಿ ನೋಡ್ದೆಯಾ?"

"ಇಲ್ಲ."

"ಆಸ್ಪತ್ರೇಲಿ ಯಾರಿಗಾದ್ರೂ ಹೇಳ್ದೆಯಾ?"

"ಹೇಳಿದ್ರೆ ನನ್ನ ಹಿಡ್ಕೋತಾರೆ. ಇವಳನ್ನ ಮನೆಗೆ ಯಾರು ಕರ್ಕೊಂಡ್ಬರ್ತಾರೆ?" ಎರ್ಮೆಕ್ ಮುಖ ಒರೆಸಿಕೊಂಡ. "ಅವತ್ತೇ ಡಾಕ್ಟ್ರು ಹೇಳಿದ್ರು. ಕಪ್ಪು ಹಾಕಿ ಉಪಯೋಗ ಇಲ್ಲ, ಸುಡೋದು ನಿಂತಿಲ್ಲ ಅಂತ. ಬೇರೆ ಫಿಲ್ಮ್ ಬರುತ್ತಂತೆ, ಗಾಜಿನಷ್ಟೇ ತಿಳಿಯಾಗಿರುತ್ತಂತೆ, ಸುಡೋದನ್ನ ಅದು ತಡಿಯುತ್ತಂತೆ. ಅದಕ್ಕೆ ಪೊಲೀಸರೂ ಏನೂ ಅನ್ನಲ್ವಂತೆ. ನಂಗೆ ಗೊತ್ತಿರ್ಲಿಲ್ಲ ಸಾಹೇಬ್ರೆ."

ಅಂಥ ಸುರುಳಿಗಳು ಹರ್ಸಾನನ ಶೆಡ್ಡಿನ ಗೋಡೆಗೆ ಒರಗಿ ನಿಂತಿದ್ದನ್ನು ಸಪರ್ ನೋಡಿದ್ದ. ಹೇಳಲಿಲ್ಲ. ಬಂಧಿಸಲಾಗಿದೆ ಎಂದು ಮಾತ್ರ ತಿಳಿಸಿದ.

ಎರ್ಮೆಕ್‌ನ ತಂಗಿ ಪಟ್ಟಣದಿಂದ ಬರುವವರೆಗೆ ಕಾದರು. ಅವಳು ಬಂದು, ನಡೆದದ್ದು ಕೇಳಿ, ಅಣ್ಣನ ಮುಖ ನೋಡದೆ ಒಳಗೆ ಹೋದಳು. ಎರ್ಮೆಕ್ ಮಗಳ ನೆತ್ತಿಯನ್ನು ಮುದ್ದಿನಿಂದ ಮೂಸಿ, ಕೆಲಸದ ಮೇಲೆ ಹೋಗ್ತಿದೀನಿ ಎಂದ. ಹುಡುಗಿ ತಲೆಯಾಡಿಸಿದಳು. ಎಷ್ಟು ದಿನ ಎಂದು ಕೇಳಲಿಲ್ಲ.

ದೋರೋನ್‌ನನ್ನು ಠಾಣೆಗೆ ಕರೆಸಿ ಸಪರ್ ಎಲ್ಲವನ್ನೂ ತಿಳಿಸಿದ. ವರದಿಯಲ್ಲಿದ್ದುದನ್ನೂ ಮುಚ್ಚಿಡಲಿಲ್ಲ. ಮುದುಕ ಈ ಸಲ ಬೆಂಚಿನ ಮೇಲೆ ಕೂತು ಕೇಳಿದ. ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡಿದ್ದ.

"ಹಿಂದಿನ ಸೀಟಲ್ಲಿ ಜಾಗ ಇತ್ತಾ?" ಎಂದು ಕೇಳಿದ.

"ಇತ್ತು."

"ಅವಳಿಗೆ ಆ ಮಗು ಅಂದ್ರೆ ಪ್ರಾಣ. ಕೆನೆ ಕಳಿಸ್ತಿದ್ಲು." ಬೆಂಚಿನಿಂದ ಟೋಪಿ ಎತ್ತಿಕೊಂಡು ಮತ್ತೆ ಕೇಳಿದ: "ಇವಳು ಇನ್ನೂ ಬದುಕಿದ್ಲು ಅನ್ನೋದು ಅವನಿಗೆ ಗೊತ್ತಾ?"

"ಇಲ್ಲ. ನಾವು ಹೇಳಿಲ್ಲ. ನ್ಯಾಯಾಲಯದಲ್ಲಿ ಗೊತ್ತಾಗುತ್ತೆ."

"ಅಲ್ಲೀವರ್ಗೂ ಹೇಳ್ಬೇಡಿ," ಎಂದ ದೋರೋನ್. ಟೋಪಿ ಹಾಕಿಕೊಂಡು ಎದ್ದ. "ನಂಗೆ ಅವನ ಮೇಲೆ ಕನಿಕರ ಇಲ್ಲ. ಆದ್ರೂ ಹೇಳ್ಬೇಡಿ."

ಪ್ರಕರಣ ಸೆಪ್ಟೆಂಬರಿನಲ್ಲಿ ವಿಚಾರಣೆಗೆ ಬಂತು. ಎರ್ಮೆಕ್ ತಪ್ಪೊಪ್ಪಿಕೊಂಡ. ವಕೀಲರು ಮಗುವಿನ ಕಾಯಿಲೆಯನ್ನು ಮುಂದಿಡಲು ಹೊರಟಾಗ, ಅದನ್ನು ಎತ್ತಬೇಡಿ ಎಂದು ತಡೆದ. ಸೋದರತ್ತೆಯ ಮನೆ ಸೇರಿದ ಅಕ್ಮಾರಾಲ್ ಜೂನ್ ನಂತರ ಒಮ್ಮೆಯೂ ವೈದ್ಯರ ಹತ್ತಿರ ಹೋಗಿರಲಿಲ್ಲ. ಹೇಗೇ ಸಮಾಧಾನ ಮಾಡಿದರೂ ಅವಳು ಕಾರು ಹತ್ತಲು ಒಪ್ಪುತ್ತಿರಲಿಲ್ಲ.

ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರ ಸಾಕ್ಷಿ ಎರಡನೆಯ ದಿನ ನಡೆಯಿತು. ಅವರು ವರದಿಯನ್ನು ಓದುವಾಗ ಎರ್ಮೆಕ್ ತಲೆ ತಗ್ಗಿಸಿಕೊಂಡಿದ್ದ. ಒಂದು ವಾಕ್ಯಕ್ಕೆ ತಲೆ ಎತ್ತಿದ. ಕಟಕಟೆಯನ್ನು ಹಿಡಿದು ಎದ್ದು ನಿಂತ. ಪೇದೆ ಕೂರಿಸಲು ಹೋದಾಗ ನ್ಯಾಯಾಧೀಶರು ಬಿಡಿ ಎಂದರು.

"ಎಷ್ಟು ಹೊತ್ತು ಅಂದ್ರಿ?" ಎರ್ಮೆಕ್ ವೈದ್ಯರನ್ನು ಕೇಳಿದ.

ವೈದ್ಯರು ನ್ಯಾಯಾಧೀಶರ ಕಡೆ ನೋಡಿದರು. ಆಮೇಲೆ ಅದೇ ವಾಕ್ಯವನ್ನು ನಿಧಾನವಾಗಿ ಇನ್ನೊಮ್ಮೆ ಓದಿದರು.