ಬಾಯಿ ತುಂಬ ನೀರು

ಬಲು ಹಿಂದಿನ ಮಾತು. ಆಗ ಕೆರೆಗಳು ಹೆಚ್ಚು, ಜನ ಕಡಿಮೆ. ಕುಂಕುಮಾವತಿ ಎಂಬ ರಾಜ್ಯದಲ್ಲಿ ಉದಯಮಾರ್ತಾಂಡ ಎಂಬ ರಾಜಕುಮಾರನಿದ್ದ. ಹೆಸರು ಅಷ್ಟುದ್ದ ಇದ್ದುದರಿಂದ ಹೊಗಳುಭಟರು ನಡುವೆ ಒಮ್ಮೆ ಉಸಿರು ಎಳೆದುಕೊಂಡು ಹೇಳಿ ಮುಗಿಸುತ್ತಿದ್ದರು. ತಂದೆ ತೀರಿಹೋಗಿದ್ದ. ತಾಯಿ ಮಹಾರಾಣಿ ಚೆಲುವಾಂಬೆಯೇ ರಾಜ್ಯ ಆಳುತ್ತಿದ್ದಳು, ಮಗನ ತಲೆಗೆ ಎಣ್ಣೆಯನ್ನೂ ತಾನೇ ತಟ್ಟುತ್ತಿದ್ದಳು.

ಆ ರಾಜ್ಯದ ಅಂಚಿನ ಮಬ್ಬುಗುಡ್ಡದಲ್ಲಿ ಬಿಂಬಬಾಕ ಎಂಬ ಮಾಂತ್ರಿಕನಿದ್ದ. ಬೇರೆ ಮಾಂತ್ರಿಕರು ಚಿನ್ನ ಕದಿಯುತ್ತಾರೆ, ರಾಜಕುಮಾರಿಯರನ್ನು ಹೊತ್ತೊಯ್ಯುತ್ತಾರೆ. ಇವನ ಹಸಿವೇ ಬೇರೆ. ಒಂದು ಬೆಳಗ್ಗೆ ಅವನು ಗುಡ್ಡದ ತುದಿಯಲ್ಲಿ ನಿಂತು ಜೋರಾಗಿ ಉಸಿರೆಳೆದ. ಕನ್ನಡಿ, ಕೆರೆ, ಬಾವಿ, ತಂಬಿಗೆಯ ನೀರು, ಎಲ್ಲದರೊಳಗಿನ ಪ್ರತಿಬಿಂಬಗಳೂ ಹಕ್ಕಿಗಳ ಹಿಂಡಿನ ಹಾಗೆ ಹಾರಿಹೋಗಿ ಅವನ ಹೊಟ್ಟೆ ಸೇರಿದವು.

ಮೊದಮೊದಲು ಜನ ನಕ್ಕರು. ಗಂಡಸರು ಮೀಸೆ ಕತ್ತರಿಸಲು ಹೋಗಿ ಅರ್ಧ ಬೋಳಿಸಿಕೊಂಡರು. ಹೆಂಗಸರು ಪಕ್ಕದ ಮನೆಗೆ ಹೋಗಿ, "ನನ್ನ ಕುಂಕುಮ ನೆಟ್ಟಗಿದೆಯೇನ್ರೀ?" ಎಂದು ಕೇಳಿದರು. ಆಮೇಲೆ ನಗು ನಿಂತಿತು. ಒಬ್ಬರಿಗೊಬ್ಬರ ಮುಖ ಕಾಣುತ್ತಿತ್ತು, ತಮ್ಮದು ಮಾತ್ರ ತಮಗೆ ಮರೆಯುತ್ತ ಬಂತು. ಯಾರು ತಮ್ಮ ಮುಖವನ್ನು ಮರೆತರೋ ಅವರ ಮುಖ ಸ್ಲೇಟಿನ ಮೇಲಿನ ಬರಹದಂತೆ ಸ್ವಲ್ಪ ಸ್ವಲ್ಪವಾಗಿ ಅಳಿಸತೊಡಗಿತು. ಪೂರ್ತಿ ಅಳಿಸಿದವರು ಎದ್ದು ಮಬ್ಬುಗುಡ್ಡಕ್ಕೆ ನಡೆದು, ಮಾಂತ್ರಿಕನ ಆಳುಗಳಾಗಿ ಕಲ್ಲು ಹೊರುತ್ತಿದ್ದರು.

ಒಂದು ದಿನ ಮಹಾರಾಣಿಯ ಹುಬ್ಬುಗಳು ಕಾಣದಾದವು. ಮಗ ಕುದುರೆ ಏರಿ ನೇರ ಗುಡ್ಡಕ್ಕೆ ಹೋದ.

ಗವಿಯ ಬಾಗಿಲಲ್ಲಿ ಒಂದು ಮುದಿ ಕರಡಿ ಕಾವಲಿತ್ತು. ಅದಕ್ಕೆ ಮಾತು ಬರುತ್ತಿತ್ತು, ಆದರೆ ಸುಳ್ಳಾಡಲು ಬರುತ್ತಿರಲಿಲ್ಲ. ಒಳಗಿನಿಂದ ಬಿಂಬಬಾಕ ಬಂದ. ತಲೆಯಿಂದ ಗದ್ದದವರೆಗೆ ಕಂಬಳಿ ಎಳೆದುಕೊಂಡಿದ್ದ. ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ.

"ತಾಯಿ ಬೇಕೇನೋ? ಹಾಗಾದರೆ ನಿನ್ನ ಮುಖವನ್ನು ನಿನ್ನ ಕೈಯಾರೆ ಬರೆದು ತಾ. ಇದ್ದದ್ದು ಇದ್ದ ಹಾಗೆ ಇರಬೇಕು. ಕರಡಿ ಮೂಸಿ ಹೇಳುತ್ತದೆ. ಅದು ಮೂಸುವಾಗ ನೀನು ಒಂದು ಮಾತಾಡಿದರೂ ಚಿತ್ರ ಕರಗಿ ಹೋಗುತ್ತದೆ. ಮೂರು ಸಲ ಬರಬಹುದು. ಸರಿಯಿದ್ದರೆ ನುಂಗಿದ್ದೆಲ್ಲ ಕಕ್ಕಬೇಕಾದ್ದು ನನ್ನ ಮಂತ್ರದ ಕಟ್ಟು. ತಪ್ಪಿದರೆ ಮೊದಲ ಸಲಕ್ಕೆ ನಿನ್ನ ತಾಯಿಯ ಮೂಗು ನನ್ನದು, ಎರಡನೆಯ ಸಲಕ್ಕೆ ಬಾಯಿ, ಮೂರನೆಯ ಸಲಕ್ಕೆ ಕಣ್ಣು."

ಕನ್ನಡಿಯಲ್ಲೂ ಬಿಂಬ ಮೂಡದ ರಾಜ್ಯದಲ್ಲಿ ತನ್ನ ಮುಖ ತಾನು ಬರೆಯುವುದು ಹೇಗೆ? ಮಾಂತ್ರಿಕ ಹೊಟ್ಟೆ ಹಿಡಿದುಕೊಂಡು ನಕ್ಕ.

ಆದರೆ ರಾಜಕುಮಾರನಿಗೆ ಧೈರ್ಯವಿತ್ತು. ಅವನು ಊರಿನ ಚಿತ್ರಶಾಲೆಯಲ್ಲಿ ಬೊಮ್ಮಯ್ಯ ಗುರುಗಳ ಕೈಕೆಳಗೆ ಮೂರು ವರ್ಷ ಕಲಿತಿದ್ದ. ಅಲ್ಲಿ ದಿನವೂ ಹೂ ಮಾರುವ ಸಿದ್ದಜ್ಜಿ ಕಟ್ಟೆಯ ಮೇಲೆ ಅಲ್ಲಾಡದೆ ಕೂರುತ್ತಿದ್ದಳು, ಮಕ್ಕಳೆಲ್ಲ ಸುತ್ತ ಕುಳಿತು ಇದ್ದಿಲಲ್ಲಿ ಅವಳನ್ನು ಬರೆಯುತ್ತಿದ್ದರು. ವಾರದ ಕೊನೆಗೆ ಚಿತ್ರಗಳನ್ನು ಹಗ್ಗಕ್ಕೆ ನೇತುಹಾಕಿ ತಪ್ಪು ಹೇಳುವ ಪಾಠ. ಯಾರ ಚಿತ್ರದ ಸರದಿಯೋ ಅವರು ಬಾಯಿ ತುಂಬ ನೀರು ತುಂಬಿಕೊಂಡು ಕೂರಬೇಕು. ಜೊತೆಯವರೆಲ್ಲ ಹೇಳಿ ಮುಗಿಸುವ ತನಕ ಉಗುಳುವಂತಿಲ್ಲ, ನುಂಗುವಂತಿಲ್ಲ. ಬಾಯಿ ಖಾಲಿಯಿದ್ದರೆ ವಾದ ಮಾಡುತ್ತಾರೆ, ವಾದ ಮಾಡುವವರ ಕಿವಿಗೆ ಏನೂ ಇಳಿಯುವುದಿಲ್ಲ ಎಂದು ಹಿಂದಿನ ಗುರುಗಳು ಮಾಡಿದ ಕಟ್ಟಳೆ ಅದು.

ರಾಜಕುಮಾರ ಹೋಗಿ ತನ್ನ ಮುಖ ಬರೆದ. ಅರಮನೆಯ ಗೋಡೆಯಲ್ಲಿ ಅವನ ಅಜ್ಜ, ಮುತ್ತಜ್ಜ ಹೇಗಿದ್ದರೋ ಹಾಗೆಯೇ ಬರೆದ: ತಾವರೆ ಎಸಳಿನ ಕಣ್ಣು, ಸಂಪಿಗೆ ಮೂಗು, ಬಿಲ್ಲಿನ ಹುಬ್ಬು. ಹಗ್ಗಕ್ಕೆ ನೇತುಹಾಕಿದ. ಗುರುಗಳು ಅವನಿಗೆ ಬೆಳ್ಳಿ ಲೋಟದಲ್ಲಿ ಬೆಲ್ಲದ ಪಾನಕ ಕೊಟ್ಟರು. ಯುವರಾಜನ ಬಾಯಿಗೆ ನೀರು ತುಂಬಿಸಿ ಸುಮ್ಮನೆ ಕೂರಿಸುವುದುಂಟೇ? ಮೂರು ವರ್ಷದಿಂದ ಅವನಿಗೆ ಪಾನಕವೇ. ಅವನು ಗುಟುಕು ಗುಟುಕಾಗಿ ಕುಡಿಯುತ್ತಿದ್ದ, ಉಳಿದವರು "ಆಹಾ" ಎನ್ನುತ್ತಿದ್ದರು.

"ಆಹಾ, ಅಚ್ಚು ತೆಗೆದ ಹಾಗಿದೆ" ಅಂದ ಗಾಣದವರ ಮಗ ಗುರುಪಾದ. ಕುಂಬಾರರ ಮಗಳು ನಿಂಗಿ ಏನೋ ಹೇಳಲು ಬಾಯಿ ತೆರೆದಳು, ಗುರುಗಳ ಮುಖ ನೋಡಿ ಮುಚ್ಚಿಕೊಂಡಳು.

ರಾಜಕುಮಾರ ಚಿತ್ರವನ್ನು ತಾಯಿಗೆ ತೋರಿಸಿದ. "ಚೆನ್ನಾಗಿದ್ದಾನೆ. ಯಾರ ಮನೆ ಹುಡುಗನಪ್ಪ ಇವನು?" ಎಂದಳು ಮಹಾರಾಣಿ. ಪಾಪ, ಅಮ್ಮನಿಗೆ ಮರೆವು ಏರುತ್ತಿದೆ ಎಂದುಕೊಂಡು ಅವನು ಗುಡ್ಡಕ್ಕೆ ಓಡಿದ.

ಕರಡಿ ಮೂಸಿತು. "ತಾವರೆ ವಾಸನೆ ಇದೆ, ಸಂಪಿಗೆ ವಾಸನೆ ಇದೆ. ಮನುಷ್ಯರ ವಾಸನೆ ಇಲ್ಲ" ಅಂದಿತು.

ಅವನು ಮನೆಗೆ ಬರುವಷ್ಟರಲ್ಲಿ ತಾಯಿಯ ಮೂಗು ಇರಲಿಲ್ಲ.

ರಾಜಕುಮಾರನಿಗೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟಿನಲ್ಲೇ ಎರಡನೆಯ ಚಿತ್ರ ಬರೆದ. ಕಣ್ಣು ಗುಳಿ ಬಿದ್ದವು, ಮೂಗು ಬದನೆಕಾಯಿ ಆಯಿತು, ತುಟಿ ಜೋತುಬಿತ್ತು. ಮತ್ತೆ ಬೆಳ್ಳಿ ಲೋಟ, ಮತ್ತೆ ಪಾನಕ. "ಆಹಾ, ಯುವರಾಜರದು ಎಂಥಾ ವಿನಯ!" ಎಂದರು ಎಲ್ಲರೂ. ನಿಂಗಿ ನೆಲ ನೋಡುತ್ತ ಕುಳಿತಳು.

ತಾಯಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಅಯ್ಯೋ, ಯಾರಪ್ಪ ಇವನು? ಯಾರೋ ಹೊಡೆದಿದ್ದಾರೇನೋ ಪಾಪ" ಎಂದಳು. ಅವನು ಕೇಳಿಯೂ ಕೇಳದವನಂತೆ ಗುಡ್ಡ ಹತ್ತಿದ.

ಕರಡಿ ಮೂಸಿತು, ಒಮ್ಮೆ ಸೀನಿತು. "ಇದರಲ್ಲಿ ಬರೀ ಮುನಿಸಿನ ವಾಸನೆ. ಇದೂ ನೀನಲ್ಲ."

ಅವನು ಮನೆಗೆ ಬಂದಾಗ ತಾಯಿಗೆ ಬಾಯಿ ಇರಲಿಲ್ಲ. ಎರಡು ಕಣ್ಣು ಮಾತ್ರ ಮಗನನ್ನೇ ನೋಡುತ್ತಿದ್ದವು. ಕಣ್ಣೂ ಹೋದರೆ ಅವಳು ಎದ್ದು ಗುಡ್ಡದ ಕಡೆ ನಡೆಯುತ್ತಾಳೆ, ತಿರುಗಿಯೂ ನೋಡುವುದಿಲ್ಲ. ರಾಜಕುಮಾರ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟ. ಆಗ ಅವನಿಗೆ ನೆನಪಾಯಿತು: ಎರಡು ಸಲವೂ ಅಮ್ಮ "ಯಾರಪ್ಪ ಇವನು" ಎಂದಿದ್ದಳು. ಮರೆವು ಅವಳದಲ್ಲ, ತಪ್ಪು ತನ್ನ ಚಿತ್ರದ್ದು. ಇಡೀ ರಾಜ್ಯದಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಈಗ ಅವಳಿಗೂ ಬಾಯಿಲ್ಲ.

ಅವನು ಚಿತ್ರಶಾಲೆಗೆ ನಡೆದೇ ಹೋದ. ಗುರುಗಳು ಬೆಳ್ಳಿ ಲೋಟ ಹಿಡಿದು ಎದ್ದು ನಿಂತರು.

"ಗುರುಗಳೇ, ನನಗೂ ನೀರು ಕೊಡಿ."

"ಯುವರಾಜರೇ, ಅದು..."

"ಎಲ್ಲರೂ ನೋಡುವ ನನ್ನ ಮುಖ ನನಗೊಬ್ಬನಿಗೇ ಕಾಣುವುದಿಲ್ಲ. ನೀವು ಹೇಳದಿದ್ದರೆ ಇನ್ನು ಯಾರು ಹೇಳಬೇಕು? ನನ್ನ ತಾಯಿಗೆ ಉಳಿದಿರುವುದು ಎರಡು ಕಣ್ಣು."

ಬೊಮ್ಮಯ್ಯ ಗುರುಗಳು ಪಾನಕವನ್ನು ಗಿಡದ ಬುಡಕ್ಕೆ ಚೆಲ್ಲಿದರು. "ತಪ್ಪು ನನ್ನದು ಮಗು. ನಿನಗೊಬ್ಬನಿಗೆ ಪಾಠವನ್ನೇ ಹೇಳಲಿಲ್ಲ ನಾನು" ಎಂದು ಮಣ್ಣಿನ ಕುಡಿಕೆಯಲ್ಲಿ ನೀರು ಕೊಟ್ಟರು.

ರಾಜಕುಮಾರ ಹೊಸ ಬಟ್ಟೆಯ ಮೇಲೆ ಮುಖದ ಗೆರೆ ಎಳೆದು ಹಗ್ಗಕ್ಕೆ ಹಾಕಿದ. ಬಾಯಿ ತುಂಬ ನೀರು ತುಂಬಿಕೊಂಡು ಕುಳಿತ. ಎಲ್ಲರೂ ಗುರುಗಳ ಮುಖ ನೋಡಿದರು. ಕೊನೆಗೆ ನಿಂಗಿ ಎದ್ದಳು.

"ಬೈಕೋಬ್ಯಾಡಿ ಬುದ್ಧಿ. ನಿಮ್ದು ಸಂಪಿಗೆ ಮೂಗಲ್ಲ. ಬುಡದಲ್ಲಿ ದಪ್ಪ, ತುದಿ ಸ್ವಲ್ಪ ಎಡಕ್ಕೆ ವಾಲೈತೆ, ಸುಡುವಾಗ ಸೊಟ್ಟಗಾದ ಗಿಂಡಿ ಮೂತಿ ತರ. ಮೂರು ವರ್ಷದಿಂದ ಹೇಳ್ಬೇಕು ಅಂತಿದ್ದೆ."

ರಾಜಕುಮಾರನ ಕೆನ್ನೆ ಉಬ್ಬಿ ಕೆಂಪಾಯಿತು. ಇಲ್ಲ, ನಮ್ಮ ವಂಶದಲ್ಲಿ ಅಂಥ ಮೂಗೇ ಇಲ್ಲ ಎಂದು ಕೂಗಬೇಕೆನಿಸಿತು. ಬಾಯಲ್ಲಿ ನೀರಿತ್ತು. ನೋವಾಯಿತು, ಆದರೂ ಎದ್ದು ಅರಿವೆಯಿಂದ ಚಿತ್ರದ ಮೂಗನ್ನು ಒರೆಸಿ ಅವಳು ಹೇಳಿದಂತೆ ಬರೆದ. ತುದಿ ಎಡಕ್ಕೆ ಇನ್ನೊಂದು ಚೂರು ಎಂದಳು ಅವಳು. ಇನ್ನೊಂದು ಚೂರು ವಾಲಿಸಿದ.

ಗುರುಪಾದನಿಗೂ ಧೈರ್ಯ ಬಂತು. "ಎಡಗಣ್ಣು ಬಲಗಣ್ಣಿಗಿಂತ ಸಣ್ಣದು ಬುದ್ಧಿ. ನೀವು ನಕ್ಕರೆ ಅದು ಮುಚ್ಚೇ ಹೋಗ್ತದೆ. ನಮಗೆಲ್ಲ ಅದನ್ನ ಕಂಡ್ರೆ ಬಲು ಇಷ್ಟ" ಎಂದ. ರಾಜಕುಮಾರ ಕಣ್ಣನ್ನು ತಿದ್ದಿದ. ಈ ಸಲ ಅಷ್ಟು ನೋವಾಗಲಿಲ್ಲ.

ಕಟ್ಟೆಯ ಮೇಲಿಂದ ಸಿದ್ದಜ್ಜಿ ಕೈ ಎತ್ತಿದಳು. "ನನ್ನನ್ನ ಇಷ್ಟು ವರ್ಷ ನೀವೆಲ್ಲ ನೋಡಿದ್ರಿ, ನಾನೂ ನಿಮ್ಮನ್ನ ನೋಡ್ತಾ ಕೂತಿದ್ದೆ ಕಣಪ್ಪಾ. ನೀನು ಬಾಯಿ ಬಿಗಿಹಿಡಿದು ಹುಕುಂ ಮಾಡೋನ ತರ ಬರ್ದಿದೀಯ. ನೀನು ಹಂಗಲ್ಲ. ಯಾರಾದ್ರೂ ಕಷ್ಟ ಹೇಳ್ಕೊಂಡ್ರೆ ಕತ್ತು ಮುಂದೆ ಚಾಚಿ, ತುಟಿ ಚೂರು ತೆರೆದು ಕೇಳ್ತೀಯಲ್ಲ, ಅದು ನಿನ್ನ ಮುಖ."

ತನಗೆ ಅಂಥದ್ದೊಂದು ಮುಖವಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವನ ಕಣ್ಣು ತುಂಬಿ ಬಂತು. ತುಟಿಯನ್ನು ತಿದ್ದಿ ಹಿಂದೆ ಸರಿದು ನಿಂತ. ಚಿತ್ರಶಾಲೆಯಲ್ಲಿ ಒಬ್ಬರೂ "ಆಹಾ" ಅನ್ನಲಿಲ್ಲ. ನಿಂಗಿ ನಕ್ಕಳು, ಅಷ್ಟೇ.

"ಆ ಮಾಂತ್ರಿಕ ನಿಮ್ಮನ್ನ ಕೆಣಕ್ತಾನೆ, ನಿಮಗೆ ಬೇರೆ ಮೂಗಿನ ತುದಿಯಲ್ಲಿ ಸಿಟ್ಟು" ಎಂದು ಅವಳು ನೀರಿನ ಕುಡಿಕೆಯನ್ನೂ ಅವನ ಕೈಗಿಟ್ಟಳು.

ಗುಡ್ಡದ ಬುಡದಲ್ಲಿ ಅವನು ಮತ್ತೆ ಬಾಯಿ ತುಂಬ ನೀರು ತುಂಬಿಕೊಂಡು ಹತ್ತಿದ. ಕರಡಿಯ ಮುಂದೆ ಚಿತ್ರ ಬಿಡಿಸಿ ಹಿಡಿದ. ಅದು ಚಿತ್ರದ ಕಿವಿಯ ಕಡೆಯಿಂದ ಮೂಸಲು ಶುರುಮಾಡಿತು. ಬಿಂಬಬಾಕ ಓಡಿ ಬಂದ.

"ಥೂ, ಈ ಸೊಟ್ಟ ಮೂಗಿನವನು ರಾಜನೇ?" ಎಂದ. ರಾಜಕುಮಾರ ಸುಮ್ಮನಿದ್ದ.

"ನಿನ್ನ ಜೊತೆಯವರು ನಿನ್ನನ್ನು ಗೇಲಿ ಮಾಡಿದ್ದಾರೆ, ಮಂಕೇ!" ಎಂದ. ರಾಜಕುಮಾರ ಸುಮ್ಮನಿದ್ದ.

"ನಿನ್ನ ತಾಯಿ ನಾಳೆಯಿಂದ ನನ್ನ ಗವಿ ಗುಡಿಸುತ್ತಾಳೆ!" ಎಂದ. ರಾಜಕುಮಾರನ ಮೈಯೆಲ್ಲ ಉರಿಯಿತು. ಗಂಟಲಿನ ತನಕ ಬಂದ ಮಾತು ನೀರಿಗೆ ತಾಗಿ ಹಿಂದೆ ಹೋಯಿತು.

ಕರಡಿ ತಲೆಯೆತ್ತಿತು. "ಇದ್ದಿಲಿನ ವಾಸನೆ, ಬೆವರಿನ ವಾಸನೆ, ಸ್ವಲ್ಪ ಕಣ್ಣೀರು. ಇವನೇ ಇವನು" ಅಂದಿತು.

ಬಿಂಬಬಾಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೊಡುವುದಿಲ್ಲ ಎಂದು ತಲೆಯಾಡಿಸಿದ. ಆ ಭರಕ್ಕೆ ಕಂಬಳಿ ಜಾರಿ ಬಿತ್ತು. ಆದರೆ ಬಿಂಬಗಳ ಮೇಲಿನ ಅವನ ಹಿಡಿತ ಆಗಲೇ ಸಡಿಲವಾಗಿತ್ತು. ರಾಜಕುಮಾರ ಬೊಗಸೆಯೊಡ್ಡಿ ಬಾಯಿಯ ನೀರನ್ನು ಅದರೊಳಗೆ ಬಿಟ್ಟ. ಎಷ್ಟೋ ದಿನಗಳ ಮೇಲೆ ಆ ರಾಜ್ಯದ ನೀರಿನಲ್ಲಿ ಒಂದು ಬಿಂಬ ಮೂಡಿತು. ಬಗ್ಗಿ ನೋಡಿದವನು ಬಿಂಬಬಾಕ.

"ಯಾ... ಯಾರಿದು?" ಎಂದು ಕೈ ತೆಗೆದು ಬಾಯಿ ಬಿಟ್ಟ.

"ನೀನೇ" ಅಂದಿತು ಕರಡಿ.

ತೆರೆದ ಬಾಯಿಂದ ಬಿಂಬಗಳೆಲ್ಲ ಬುರ್ರೆಂದು ಹಾರಿದವು. ಕೆರೆಯವು ಕೆರೆಗೆ, ಕನ್ನಡಿಯವು ಕನ್ನಡಿಗೆ ಹೋದವು. ಕಲ್ಲು ಹೊರುತ್ತಿದ್ದವರಿಗೆ ಕಣ್ಣು ಮೂಗು ಮೂಡಿ, ಅವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಿದರು. ಮಂತ್ರವೆಲ್ಲ ಇಳಿದುಹೋದ ಮಾಂತ್ರಿಕ ಚಪ್ಪಟೆ ಮೂಗಿನ ಬಡಕಲು ಮುದುಕನಾಗಿ ಕುಕ್ಕರಿಸಿದ.

"ನಾನೂ ಆ ಚಿತ್ರಶಾಲೆಯವನೇ. ನನ್ನ ಮೂಗು ಚಪ್ಪಟೆ ಅಂದರು. ನೀರು ಉಗುಳಿ ಎದ್ದು ಬಂದುಬಿಟ್ಟೆ. ಯಾರಿಗೂ ಮುಖವೇ ಬೇಡ ಅನ್ನಿಸಿತು" ಎಂದು ಬಿಕ್ಕಿದ.

"ಪೂರ್ತಿ ಕೇಳಿಸಿಕೊಳ್ಳದೆ ಬಂದಿರಿ ತಾತ. ಆಮೇಲೆ ಏನೋ ಒಳ್ಳೆಯದು ಹೇಳುವವರಿದ್ದರೇನೋ" ಎಂದು ರಾಜಕುಮಾರ ಅವನ ಕೈ ಹಿಡಿದು ಎಬ್ಬಿಸಿದ. ಕಾವಲು ತಪ್ಪಿದ ಕರಡಿ ಜೇನು ಹುಡುಕಿಕೊಂಡು ಹೊರಟುಹೋಯಿತು.

ಅರಮನೆಯಲ್ಲಿ ಮಹಾರಾಣಿಯ ಮುಖ ಮೊದಲಿನಂತೆ ಆಗಿತ್ತು. ದಾಸಿಯರು ಕನ್ನಡಿ ತಂದು ಅವಳ ಕೈಗೆ ಕೊಟ್ಟಿದ್ದರು. ಅಷ್ಟರಲ್ಲಿ ಮಗ ಬಂದು ಚಿತ್ರ ಬಿಡಿಸಿದ. ಅವಳು ಕನ್ನಡಿಯನ್ನು ನೋಡದೆ ಬೋರಲು ಇಟ್ಟಳು. ಚಿತ್ರದ ಸೊಟ್ಟ ಮೂಗಿನ ಮೇಲೆ, ಸಣ್ಣ ಎಡಗಣ್ಣಿನ ಮೇಲೆ, ತೆರೆದ ತುಟಿಯ ಮೇಲೆ ನಿಧಾನವಾಗಿ ಬೆರಳಾಡಿಸಿದಳು.

"ಇವನು ನನಗೆ ಗೊತ್ತು. ಇವನು ನನ್ನ ಮಗ" ಎಂದಳು.

ಅಂದಿನಿಂದ ಕುಂಕುಮಾವತಿಯ ಚಿತ್ರಶಾಲೆಯಲ್ಲಿ ಯಾರಿಗೂ ಪಾನಕವಿಲ್ಲ. ಮುದುಕ ಹಿಂದಿನ ಸಾಲಿನಲ್ಲಿ ಕುಳಿತು ಮತ್ತೆ ಮೊದಲಿಂದ ಕಲಿತ. ಮಹಾರಾಣಿಯೂ ಒಂದು ದಿನ ಬಂದು ತನ್ನ ಮುಖ ಬರೆದು, ಬಾಯಿ ತುಂಬ ನೀರು ತುಂಬಿಕೊಂಡು ಕುಳಿತಳು. "ಅಮ್ಮ, ಕಿವಿ ದೊಡ್ಡದಾಯಿತು" ಎಂದ ಮಗ. ಅವಳು ನೀರು ಗುಳುಕ್ಕನೆ ನುಂಗಿ ವಾದಕ್ಕೆ ನಿಂತಳು. ಎಲ್ಲರೂ ನಕ್ಕರು, ರಾಜಕುಮಾರನ ಎಡಗಣ್ಣು ಮುಚ್ಚೇ ಹೋಯಿತು. ಅವರೆಲ್ಲ ತಂತಮ್ಮ ಮುಖಗಳ ಜೊತೆ ಬಹುಕಾಲ ಸುಖವಾಗಿದ್ದರು.